ಬೀಜದಿಂದ ನಾಟಿಯವರೆಗೆ: ಮನೆಯಲ್ಲೇ ತರಕಾರಿ, ಸೊಪ್ಪಿನ ಸಸಿ ಬೆಳೆಸುವ ಸಮಗ್ರ ಮಾರ್ಗದರ್ಶಿ

ಕಾಯಿ ಬಿಡುವುದು ಕುಂಡದಲ್ಲೋ ಪಾತಿಯಲ್ಲೋ ಆದರೂ, ಗಿಡ ಗಟ್ಟಿಯೋ ಬಡಕಲೋ ಅನ್ನುವುದು ಬಹಳ ಮಟ್ಟಿಗೆ ಸಸಿ ತಟ್ಟೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಮೊಳಕೆ ಒಡೆದ ದಿನದಿಂದ ನಾಟಿ ಮಾಡುವವರೆಗೆ ನಮ್ಮ ಕಣ್ಣೆಲ್ಲ ಎಲೆಯ ಮೇಲೆ. ಎಷ್ಟು ಎತ್ತರ ಬಂತು, ಎಷ್ಟು ಎಲೆ ಬಂತು ಅಂತ ದಿನಾ ನೋಡುತ್ತೇವೆ. ಆದರೆ ಈ ನಾಲ್ಕರಿಂದ ಎಂಟು ವಾರದಲ್ಲಿ ನಿಜವಾದ ಕೆಲಸ ನಡೆಯಬೇಕಾದ್ದು ಮಣ್ಣಿನ ಒಳಗೆ. ಚೆನ್ನಾಗಿ ಬೇರು ಕಟ್ಟಿದ ಗಿಡ್ಡ ಸಸಿ, ಎತ್ತರಕ್ಕೆ ಬೆಳೆದು ಹೂ ಬಿಟ್ಟು ನಿಂತ ಸಸಿಗಿಂತ ಬೇಗ ನೆಲ ಹಿಡಿಯುತ್ತದೆ, ಬೇಗ ಮುಂದೆ ಹೋಗುತ್ತದೆ. ಕೆಳಗೆ ಹೇಳಿರುವ ಬೆಳಕು, ನೀರು, ಗಾಳಿ, ಕುಂಡದ ಅಳತೆ ಎಲ್ಲವೂ ಕೊನೆಗೆ ಬೇರಿನ ಸಲುವಾಗಿಯೇ.

ಯಾವುದಕ್ಕೆ ಸಸಿ ಬೇಕು, ಯಾವುದನ್ನು ನೇರವಾಗಿ ಬಿತ್ತಬೇಕು

ಎಲ್ಲ ತರಕಾರಿಗೂ ಸಸಿ ಮಾಡಬೇಕಿಲ್ಲ. ಟೊಮೆಟೊ, ಮೆಣಸಿನಕಾಯಿ, ದೊಣ್ಣೆಮೆಣಸಿನಕಾಯಿ, ಬದನೆ, ಎಲೆಕೋಸು, ಹೂಕೋಸು, ಬ್ರೊಕೊಲಿ, ಲೆಟಿಸ್, ಸೆಲರಿ, ಈರುಳ್ಳಿ ಇವೆಲ್ಲ ಕಿತ್ತು ನೆಟ್ಟರೆ ಬೇಸರ ಮಾಡಿಕೊಳ್ಳದ ಬೆಳೆಗಳು. ಬೀಜ ಚಿಕ್ಕದು, ಮೊದಲ ವಾರಗಳಲ್ಲಿ ಬೆಳವಣಿಗೆ ನಿಧಾನ. ಹಾಗಾಗಿ ತಟ್ಟೆಯಲ್ಲಿ ಕಾಪಾಡಿ ಬೆಳೆಸಿದರೆ ಲಾಭ ಜಾಸ್ತಿ.

ಕ್ಯಾರೆಟ್ ಮತ್ತು ಮೂಲಂಗಿಯ ಕಥೆ ಬೇರೆ. ಅವುಗಳ ತಾಯಿಬೇರೇ ನಮಗೆ ಬೇಕಾದ ತರಕಾರಿ. ಕಿತ್ತು ನೆಡುವಾಗ ಆ ಬೇರಿನ ತುದಿಗೆ ಪೆಟ್ಟಾದರೆ ಗೆಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ. ಅವನ್ನು ಬೆಳೆಯುವ ಜಾಗದಲ್ಲೇ ಬಿತ್ತಿ. ಬೀನ್ಸ್, ಬಟಾಣಿ, ಬೆಂಡೆ, ಮೆಕ್ಕೆಜೋಳ ಕೂಡ ನೇರ ಬಿತ್ತನೆಗೇ ಚೆನ್ನ. ಬೀಜ ದಪ್ಪ, ಮೊಳಕೆ ಚುರುಕು, ಸಸಿ ಮಾಡುವ ಶ್ರಮ ಸುಮ್ನೆ ದಂಡ. ಕೊತ್ತಂಬರಿ, ಸಬ್ಬಸಿಗೆಗಳಿಗೆ ಬೇರು ಅಲುಗಾಡಿದರೆ ಬೇಗ ಹೂ ಬಿಟ್ಟು ಮುಗಿದುಹೋಗುವ ಚಾಳಿ, ಅವನ್ನೂ ಕದಲಿಸಬೇಡಿ.

ಸೌತೆ, ಕುಂಬಳ, ಕಲ್ಲಂಗಡಿಗಳು ನಡುವೆ ನಿಲ್ಲುತ್ತವೆ. ಸಸಿ ಮಾಡಬಹುದು, ಆದರೆ ಬೇರು ಮುಟ್ಟಿಸಿಕೊಳ್ಳುವುದಿಲ್ಲ. ಒಂದೊಂದು ಬೀಜಕ್ಕೆ ಒಂದೊಂದು ಬೇರೆ ಲೋಟ ಕೊಟ್ಟು, ಮೂರು ವಾರದೊಳಗೆ, ಎರಡು ಮೂರು ನಿಜವಾದ ಎಲೆ (ಮೊಳಕೆಯ ಜೊತೆ ಮೊದಲು ಬಿಚ್ಚಿಕೊಳ್ಳುವ ಬೀಜದೆಲೆಗಳ ನಂತರ ಬರುವ ಎಲೆ) ಬಂದಾಗಲೇ ಮಣ್ಣಿನ ಉಂಡೆ ಒಡೆಯದಂತೆ ನೆಡಬೇಕು.

ಬೀಜ

ಬೀಜಕ್ಕೂ ಆಯಸ್ಸು ಇದೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ. ಮೆಣಸಿನಕಾಯಿ ಎರಡು ಮೂರು ವರ್ಷ, ಟೊಮೆಟೊ ಮತ್ತು ಕೋಸಿನ ಜಾತಿಗಳು ನಾಲ್ಕು ವರ್ಷದವರೆಗೆ, ಸೌತೆ ಐದು ವರ್ಷದವರೆಗೂ ಬರುತ್ತವೆ. ಇದೆಲ್ಲ ತಂಪಾದ, ಒಣಗಿದ, ಕತ್ತಲಿನ ಜಾಗದಲ್ಲಿ ಇಟ್ಟಿದ್ದರೆ ಮಾತ್ರ. ಬಿಸಿ ಮತ್ತು ತೇವ ಬೀಜದ ಶತ್ರುಗಳು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಆಯಸ್ಸು ಹೆಚ್ಚುತ್ತದೆ.

ಹಳೆಯ ಪೊಟ್ಟಣದ ಬಗ್ಗೆ ಅನುಮಾನ ಇದ್ದರೆ ಪರೀಕ್ಷೆ ಮಾಡಿ. ಒದ್ದೆ ಟಿಶ್ಯೂ ಕಾಗದದ ಮೇಲೆ 10 ಬೀಜ ಹರಡಿ, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೆಚ್ಚಗಿನ ಜಾಗದಲ್ಲಿಡಿ. ಎಂಟು ಮೊಳೆತರೆ ನಿಶ್ಚಿಂತೆ. ನಾಲ್ಕೈದು ಮೊಳೆತರೆ ದುಪ್ಪಟ್ಟು ಬಿತ್ತಿ. ಒಂದೆರಡಾದರೆ ಹೊಸ ಬೀಜ ತನ್ನಿ.

ಪೊಟ್ಟಣದ ಮೇಲೆ ಎಫ್1 ಅಂತಿದ್ದರೆ ಅದು ಎರಡು ತಳಿಗಳ ಸಂಕರ. ಬೆಳೆ ಒಂದೇ ಸಮ ಬರುತ್ತದೆ, ಹಲವು ರೋಗ ತಡೆಯುವ ಶಕ್ತಿಯೂ ಇರಬಹುದು. ಆದರೆ ಆ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ನಾಟಿ ತಳಿಯನ್ನೇ ಆರಿಸಿ.

ತಟ್ಟೆ ಮತ್ತು ಮಿಶ್ರಣ

ಗುಳಿಗಳಿರುವ ಪ್ರೋಟ್ರೇ ಸಿಕ್ಕರೆ ಅನುಕೂಲ. ಪ್ರತಿ ಸಸಿಯ ಬೇರೂ ಬೇರೆ ಬೇರೆ ಇರುತ್ತದೆ, ಎತ್ತುವಾಗ ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಮನೆಗೆ 50 ಗುಳಿಯದು ಸಾಕು, ಸಣ್ಣ ಗುಳಿಯ ತಟ್ಟೆ ಬೇಗ ಒಣಗುತ್ತದೆ. ಇಲ್ಲದಿದ್ದರೆ ಕಾಗದದ ಲೋಟ, ಮೊಸರಿನ ಡಬ್ಬಿ, ಏನಾದರೂ ಆದೀತು. ಒಂದೇ ಷರತ್ತು, ತಳದಲ್ಲಿ ತೂತು ಇರಲೇಬೇಕು. ಹಳೆಯ ತಟ್ಟೆಯನ್ನು ಮತ್ತೆ ಬಳಸುವುದಾದರೆ ಮೊದಲು ಸೋಪಿನಲ್ಲಿ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿಟ್ಟು, ಮತ್ತೆ ತೊಳೆದು ಒಣಗಿಸಿ. ಹಿಂದಿನ ಬಾರಿಯ ರೋಗ ಹೊಸ ಸಸಿಗೆ ದಾಟುವುದು ಹೆಚ್ಚಾಗಿ ಈ ತಟ್ಟೆಗಳ ಮೂಲಕವೇ.

ತೋಟದ ಮಣ್ಣನ್ನು ನೇರವಾಗಿ ತಟ್ಟೆಗೆ ತುಂಬಬೇಡಿ. ಸಣ್ಣ ಗುಳಿಯಲ್ಲಿ ಅದು ಕುಸಿದು ಗಟ್ಟಿಯಾಗುತ್ತದೆ, ಗಾಳಿ ಆಡುವುದಿಲ್ಲ. ಜೊತೆಗೆ ಶಿಲೀಂಧ್ರ, ಕಳೆ ಬೀಜ ಎಲ್ಲ ಬರುತ್ತವೆ. ಎರಡು ಪಾಲು ತೆಂಗಿನ ನಾರಿನ ಪುಡಿ ಅಂದರೆ ಕೋಕೋಪೀಟ್, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಅರ್ಧದಿಂದ ಒಂದು ಪಾಲು ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು ಅಥವಾ ತೊಳೆದ ದಪ್ಪ ಮರಳು, ಇಷ್ಟು ಸಾಕು. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುವ ಸಾಧ್ಯತೆ ಇದೆ. ಪೊಟ್ಟಣದ ಮೇಲೆ ತೊಳೆದದ್ದು ಅಂತ ಬರೆದಿರದಿದ್ದರೆ ನೆನೆಸಿ, ಹಿಂಡಿ, ನೀರು ಬದಲಿಸಿ ಎರಡು ಮೂರು ಸಲ ತೊಳೆಯಿರಿ. ಅದರಲ್ಲಿ ಸತ್ವ ಏನೂ ಇಲ್ಲವೆನ್ನುವಷ್ಟು ಕಡಿಮೆ ಅನ್ನುವುದೂ ನೆನಪಿರಲಿ.

ಇನ್ನೊಂದು ಎಚ್ಚರಿಕೆ. ಗೊಬ್ಬರ ಪೂರ್ತಿ ಕಳಿತಿರಬೇಕು. ಮೂಗಿನ ಹತ್ತಿರ ಹಿಡಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಘಾಟು ಬಂದರೆ ಇನ್ನೂ ಕೊಳೆಯುತ್ತಿದೆ ಅಂತ ಅರ್ಥ. ಅದರ ಅಮೋನಿಯಾ ಎಳೆಯ ಬೇರನ್ನು ಸುಟ್ಟುಹಾಕುತ್ತದೆ.

ಬಿತ್ತುವುದು

ಮಿಶ್ರಣವನ್ನು ತಟ್ಟೆಗೆ ತುಂಬುವ ಮೊದಲೇ ಒದ್ದೆ ಮಾಡಿಕೊಳ್ಳಿ. ಒಣ ಕೋಕೋಪೀಟ್ ಮೇಲೆ ನೀರು ಹೊಯ್ದರೆ ಮೇಲೆ ನೆನೆದಂತೆ ಕಂಡರೂ ಒಳಗೆ ಒಣಗಿಯೇ ಇರುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು, ಕೈ ಬಿಟ್ಟರೆ ಉಂಡೆ ಹಾಗೇ ನಿಲ್ಲಬೇಕು. ಅದೇ ಹದ.

ಎಷ್ಟು ಆಳ? ಬೀಜದ ದಪ್ಪದ ಎರಡು ಮೂರು ಪಟ್ಟು. ಟೊಮೆಟೊ, ಮೆಣಸಿನಕಾಯಿ, ಬದನೆ ಬೀಜಕ್ಕೆ ಅರ್ಧ ಸೆಂ.ಮೀ. ಸಾಕು. ಸೌತೆ, ಕುಂಬಳಕ್ಕೆ ಎರಡು ಸೆಂ.ಮೀ. ಧೂಳಿನಂಥ ಥೈಮ್, ಓರೆಗಾನೊ ಬೀಜಗಳನ್ನು ಮೇಲೆಯೇ ಉದುರಿಸಿ ಬೆರಳಿನಿಂದ ಮೆಲ್ಲಗೆ ಒತ್ತಿ, ಮುಚ್ಚಬೇಡಿ. ಲೆಟಿಸ್ ಮತ್ತು ಸೆಲರಿಗೂ ಹಾಗೇ. ಇವಕ್ಕೆ ಮೊಳೆಯಲು ಬೆಳಕು ಬೇಕು. ಇದರ ಹಿಂದೆ ಒಂದು ಸೊಗಸಾದ ಸಂಶೋಧನೆ ಇದೆ. 1952ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಟಿಸ್ ಬೀಜಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ನೋಡಿದರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯಿತು, ನಂತರ ಕಡುಗೆಂಪಿನ ಆಚೆಯ ಬೆಳಕು ಬಿದ್ದರೆ ಮೊಳೆಯದೆ ಸುಮ್ಮನಾಯಿತು. ಎಲೆಗಳು ಕೆಂಪು ಬೆಳಕನ್ನು ಹೀರಿ ಆಚೆಯದನ್ನು ಬಿಟ್ಟುಬಿಡುತ್ತವೆ. ಅಂದರೆ ತಲೆಯ ಮೇಲೆ ಬೇರೆ ಗಿಡದ ನೆರಳಿದೆಯೋ ಬಯಲಿದೆಯೋ ಅಂತ ಅಷ್ಟು ಪುಟ್ಟ ಬೀಜಕ್ಕೂ ಗೊತ್ತಾಗುತ್ತದೆ!

ಗುಳಿಗೆ ಎರಡು ಬೀಜ ಹಾಕಿ. ಎರಡೂ ಬಂದರೆ ಬಡಕಲಾದದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಬೀಟ್‌ರೂಟ್‌ನ ಒಂದು ಬೀಜ ಅಂದುಕೊಳ್ಳುವುದು ಹಲವು ಬೀಜಗಳ ಗೊಂಚಲು, ಒಂದರಿಂದಲೇ ಮೂರು ನಾಲ್ಕು ಸಸಿ ಬರುತ್ತವೆ. ಹೆಸರು ಮತ್ತು ತಾರೀಕು ಬರೆದ ಚೀಟಿಯನ್ನು ಅವತ್ತೇ ಸಿಕ್ಕಿಸಿ. ಎಲೆಕೋಸು, ಹೂಕೋಸು, ಬ್ರೊಕೊಲಿ ಸಸಿಗಳು ಎಳೆಯದರಲ್ಲಿ ಒಂದೇ ಥರ ಕಾಣುತ್ತವೆ.

ಬೆಚ್ಚಗಿರಲಿ, ತೇವ ಆರದಿರಲಿ

ಮೊಳಕೆಗೆ ಬೇಕಾದ್ದು ಗಾಳಿಯ ಬಿಸಿ ಅಲ್ಲ, ಮಣ್ಣಿನ ಬಿಸಿ. ಟೊಮೆಟೊ, ಬದನೆ, ಮೆಣಸಿನಕಾಯಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಖುಷಿ. ಈ ಬಿಸಿಯಲ್ಲಿ ಟೊಮೆಟೊ 5ರಿಂದ 10 ದಿನದಲ್ಲಿ ಬರುತ್ತದೆ. ಮೆಣಸಿನಕಾಯಿ ಒಂದು ವಾರದಿಂದ ಮೂರು ವಾರದವರೆಗೂ ಕಾಯಿಸಬಹುದು, ಹತ್ತು ದಿನಕ್ಕೇ ಕೈಬಿಡಬೇಡಿ. ಕೋಸಿನ ಜಾತಿಗಳು 20ರಿಂದ 25 ಡಿಗ್ರಿಯಲ್ಲಿ ನಾಲ್ಕೈದು ದಿನದಲ್ಲೇ ತಲೆ ಎತ್ತುತ್ತವೆ. ಲೆಟಿಸ್ ತದ್ವಿರುದ್ಧ, ಬಿಸಿ 30ರ ಹತ್ತಿರ ಹೋದರೆ ಅದರ ಬೀಜ ಮಲಗಿಬಿಡುತ್ತದೆ, ತಂಪು ಮೂಲೆಯಲ್ಲಿಡಿ.

ತಟ್ಟೆಯ ಮೇಲೆ ಪಾರದರ್ಶಕ ಮುಚ್ಚಳ ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಮೇಲ್ಪದರ ಒಣಗುವುದಿಲ್ಲ. ಹೊದಿಸಿದ ಮೇಲೆ ನೇರ ಬಿಸಿಲಿಗೆ ಇಡಬಾರದು, ಒಳಗೆ ಬೆಂದುಹೋಗುತ್ತವೆ. ಬಿತ್ತಿದ ನಾಲ್ಕನೇ ದಿನದಿಂದ ಬೆಳಿಗ್ಗೆ ಸಂಜೆ ಬಗ್ಗಿ ನೋಡಿ. ಟೊಮೆಟೊದಲ್ಲಿ ಮೊದಲು ಕಾಣುವುದು ಎಲೆ ಅಲ್ಲ. ದಾರದಷ್ಟು ಸಣ್ಣ, ಬೆಳ್ಳಗಿನ ಕಾಂಡ ಕೊಕ್ಕೆಯ ಹಾಗೆ ಬಾಗಿ ಮಣ್ಣನ್ನು ಎತ್ತುತ್ತದೆ, ಮೇಲಿನ ಒಂದೆರಡು ಕಣ ಉರುಳುತ್ತವೆ. ತಲೆ ಇನ್ನೂ ಒಳಗೇ ಇರುತ್ತದೆ. ಕೆಲವು ಗಂಟೆಗಳಲ್ಲಿ ಕೊಕ್ಕೆ ಬಿಚ್ಚಿಕೊಂಡು ಬೀಜದೆಲೆಗಳನ್ನು ಎಳೆದುಕೊಂಡು ನೇರ ನಿಲ್ಲುತ್ತದೆ, ಕೆಲವೊಮ್ಮೆ ತುದಿಯಲ್ಲಿ ಬೀಜದ ಸಿಪ್ಪೆ ಟೋಪಿಯ ಹಾಗೆ ಅಂಟಿಕೊಂಡಿರುತ್ತದೆ. ಆ ಸಿಪ್ಪೆಯನ್ನು ಎಳೆಯಬೇಡಿ, ಒಂದು ಹನಿ ನೀರಿಟ್ಟು ಮೆತ್ತಗಾಗಲು ಬಿಡಿ, ತಾನೇ ಕಳಚಿಕೊಳ್ಳುತ್ತದೆ.

ಮೊದಲ ಕೆಲವು ಕೊಕ್ಕೆ ಕಂಡ ದಿನವೇ ಮುಚ್ಚಳ ತೆಗೆದು ತಟ್ಟೆಯನ್ನು ಬೆಳಕಿಗೆ ತನ್ನಿ. ಎಲ್ಲ ಬರಲಿ ಅಂತ ಕಾದರೆ ಬಂದವು ಕೆಡುತ್ತವೆ.

ಬೆಳಕು: ಸಸಿಯ ಸೊಂಟ ಇಲ್ಲೇ ಗಟ್ಟಿಯಾಗಬೇಕು

ಮನೆಯಲ್ಲಿ ಬೆಳೆಸಿದ ಸಸಿಗಳ ದೊಡ್ಡ ದೂರು ಏನು? ಸಪೂರ ಕಾಂಡ, ಮಾಸಲು ಎಲೆ, ಕಿಟಕಿಯ ಕಡೆಗೆ ವಾಲಿದ ತಲೆ. ಇದಕ್ಕೆ ಗೊಬ್ಬರದ ಕೊರತೆ ಕಾರಣ ಅಲ್ಲ. ಬೆಳಕು ಸಾಲದೆ ಸಸಿ ಬೆಳಕನ್ನು ಹುಡುಕಿಕೊಂಡು ಓಡುತ್ತಿದೆ. ಇದ್ದಬದ್ದ ಶಕ್ತಿಯೆಲ್ಲ ಕಾಂಡ ಉದ್ದ ಮಾಡಲು ಖರ್ಚಾಗಿ ಬೇರಿಗೆ ಏನೂ ಉಳಿಯುವುದಿಲ್ಲ. ಹಾಗೆ ಉದ್ದವಾದ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ. ಅದಕ್ಕೇ ಮೊದಲ ವಾರದ ಬೆಳಕು ಅಷ್ಟು ಮುಖ್ಯ.

ನಮ್ಮ ಕಣ್ಣಿಗೆ ಕಿಟಕಿ ಪಕ್ಕ ಬೇಕಾದಷ್ಟು ಬೆಳಕು ಇದೆ ಅನ್ನಿಸುತ್ತದೆ. ಸಸಿಗೆ ಅದು ಒಂದೇ ಕಡೆಯಿಂದ, ಕೆಲವೇ ಗಂಟೆ ಬರುವ ಅರೆಬೆಳಕು. ಹೊರಗೆ ಮಳೆ, ಬಿರುಗಾಳಿ ಇಲ್ಲದ, ಬೆಳಗಿನ ಎಳೆಬಿಸಿಲು ಬೀಳುವ ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಧ್ಯಾಹ್ನದ ಉರಿಬಿಸಿಲಿಗೆ ನೆರಳು ಪರದೆ ಕಟ್ಟಿ. ಬಿಸಿಲು ಬಾರದ ಮನೆಯಾದರೆ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ ಸಾಕು, ಗಿಡಕ್ಕೆಂದೇ ಮಾರುವ ನೇರಳೆ ದೀಪವೇ ಆಗಬೇಕೆಂದಿಲ್ಲ. ದಿನಕ್ಕೆ 14ರಿಂದ 16 ಗಂಟೆ ಹಾಕಿ, ರಾತ್ರಿ ಆರಿಸಿ. ಸಸಿಯ ತಲೆಯಿಂದ 10ರಿಂದ 15 ಸೆಂ.ಮೀ. ಮೇಲೆ ದೀಪ ಇರಲಿ, ಸಸಿ ಬೆಳೆದಂತೆ ದೀಪವನ್ನೂ ಏರಿಸುತ್ತಾ ಹೋಗಿ. ಹೆಚ್ಚು ಶಕ್ತಿಯ ದೀಪವಾದರೆ 30 ಸೆಂ.ಮೀ. ದೂರ ಇಡಿ. ಎಲೆಯ ಅಂಚು ಬೆಳ್ಳಗಾದರೆ, ಸುರುಟಿದರೆ ಹತ್ತಿರ ಆಯಿತು. ಸಸಿ ಉದ್ದವಾಗುತ್ತಿದ್ದರೆ ದೂರ ಆಯಿತು.

ಬೆಳಕಿನ ಜೊತೆ ಗಾಳಿಯೂ ಬೇಕು. ದಿನಕ್ಕೆ ಒಂದೆರಡು ಗಂಟೆ ಸಣ್ಣ ಫ್ಯಾನನ್ನು ಎಲೆ ಸ್ವಲ್ಪ ನಡುಗುವಷ್ಟು ಮಾತ್ರ ಹಾಕಿ. ಫ್ಯಾನ್ ಇಲ್ಲದಿದ್ದರೆ ಅಂಗೈಯಿಂದ ಸಸಿಗಳ ತಲೆಯನ್ನು ಬೆಳಿಗ್ಗೆ ಸಂಜೆ ಮೆಲ್ಲಗೆ ಸವರಿ. ಮುಟ್ಟಿದ, ಅಲುಗಿದ ಗಿಡ ಎತ್ತರಕ್ಕೆ ಹೋಗುವುದನ್ನು ಕಡಿಮೆ ಮಾಡಿ ಕಾಂಡ ದಪ್ಪ ಮಾಡಿಕೊಳ್ಳುತ್ತದೆ. ಗಿಡಗಳ ಈ ಗುಣಕ್ಕೆ 1973ರಲ್ಲಿ ಹೆಸರೂ ಇಡಲಾಯಿತು, ದೊಡ್ಡ ನರ್ಸರಿಗಳೂ ಇದೇ ಉಪಾಯ ಮಾಡುತ್ತವೆ. ಒದ್ದೆ ಎಲೆಯನ್ನು ಮಾತ್ರ ಸವರಬೇಡಿ.

ನೀರು, ಮತ್ತು ಸಸಿ ಸಾಯುವ ರೋಗ

ರಾತ್ರಿ ಚೆನ್ನಾಗಿದ್ದ ಸಸಿಗಳು ಬೆಳಿಗ್ಗೆ ಸಾಲಾಗಿ ಮಲಗಿರುತ್ತವೆ. ಹತ್ತಿರದಿಂದ ನೋಡಿದರೆ ಎಲೆ ಹಸಿರಾಗೇ ಇದೆ, ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಮಾತ್ರ ಕಂದು ಬಣ್ಣಕ್ಕೆ ತಿರುಗಿ ದಾರದ ಹಾಗೆ ಸಪೂರವಾಗಿದೆ. ಇದೇ ಸಸಿ ಸಾಯುವ ರೋಗ. ಪಿಥಿಯಂ, ರೈಜೋಕ್ಟೋನಿಯದಂಥ ಮಣ್ಣಿನಲ್ಲೇ ಇರುವ ಸೂಕ್ಷ್ಮಜೀವಿಗಳ ಕೆಲಸ. ಹಿಡಿದ ಸಸಿ ಉಳಿಯುವುದಿಲ್ಲ. ಆ ಗುಳಿಯ ಮಣ್ಣು ಸಮೇತ ತೆಗೆದು ಹಾಕಿ, ಉಳಿದವಕ್ಕೆ ನೀರು ನಿಲ್ಲಿಸಿ ಗಾಳಿ ಕೊಡಿ. ನಿಜವಾದ ಮದ್ದು ಇರುವುದು ತಡೆಯುವುದರಲ್ಲಿ. ಶುದ್ಧ ಮಿಶ್ರಣ, ತೊಳೆದ ತಟ್ಟೆ, ಒತ್ತಾಗಿ ಬಿತ್ತದಿರುವುದು, ಗಾಳಿ, ಎಲ್ಲಕ್ಕಿಂತ ಮುಖ್ಯವಾಗಿ ಮೇಲ್ಪದರ ಯಾವಾಗಲೂ ಹಸಿಯಾಗಿ ಇರದಂತೆ ನೋಡಿಕೊಳ್ಳುವುದು.

ಅದಕ್ಕೆ ಒಳ್ಳೆಯ ದಾರಿ ಕೆಳಗಿನಿಂದ ನೀರು ಕೊಡುವುದು. ಅಗಲವಾದ ತಟ್ಟೆಯಲ್ಲಿ ಒಂದೆರಡು ಸೆಂ.ಮೀ. ನೀರು ಹಾಕಿ, ಸಸಿ ತಟ್ಟೆಯನ್ನು ಅದರಲ್ಲಿ ಇಡಿ. ತಳದ ತೂತಿನಿಂದ ಮಿಶ್ರಣ ನೀರು ಹೀರಿಕೊಳ್ಳುತ್ತದೆ. 20ರಿಂದ 30 ನಿಮಿಷದಲ್ಲಿ ಮೇಲ್ಭಾಗ ಬಣ್ಣ ಗಾಢವಾದದ್ದು ಕಂಡರೆ ಸಾಕು, ಉಳಿದ ನೀರು ಚೆಲ್ಲಿಬಿಡಿ. ನೀರಲ್ಲೇ ಬಿಟ್ಟರೆ ಬೇರಿಗೆ ಉಸಿರು ಕಟ್ಟುತ್ತದೆ. ನೀರು ಕೆಳಗಿದ್ದಾಗ ಬೇರೂ ಅದನ್ನು ಹುಡುಕಿ ಕೆಳಗಿಳಿಯುತ್ತದೆ.

ಯಾವಾಗ ಕೊಡಬೇಕು ಅನ್ನುವುದಕ್ಕೆ ಗಡಿಯಾರ ಬೇಡ, ಕೈ ಸಾಕು. ನೀರು ಕುಡಿದ ತಟ್ಟೆಯನ್ನು ಒಮ್ಮೆ ಎತ್ತಿ ಭಾರ ನೋಡಿ. ಮಾರನೇ ದಿನ ಎತ್ತಿ ನೋಡಿ. ಹಗುರ ಆಗಿದೆ, ಮೇಲೆ ಒಣಗಿ ಬಣ್ಣ ತಿಳಿಯಾಗಿದೆ ಅಂದಾಗ ಕೊಡಿ. ಮೇಲೆ ಒಣಗಿ ಒಳಗೆ ತೇವ ಇರುವ ಆ ನಡುವಿನ ಹೊತ್ತಿನಲ್ಲೇ ಬೇರು ಚೆನ್ನಾಗಿ ಹರಡುವುದು. ಸಣ್ಣ ಕಪ್ಪು ನೊಣಗಳು ತಟ್ಟೆಯ ಮೇಲೆ ಹಾರಾಡುತ್ತಿದ್ದರೆ ಅದೂ ನೀರು ಜಾಸ್ತಿ ಆಯಿತು ಅನ್ನುವ ಸೂಚನೆ. ಅವುಗಳ ಮರಿಹುಳು ಎಳೆಬೇರನ್ನು ತಿನ್ನುತ್ತದೆ.

ಗೊಬ್ಬರ

ಇಲ್ಲಿ ಹೇಳಬೇಕಾದ್ದು ಕಡಿಮೆ. ಬೀಜದೆಲೆಗಳಿರುವಾಗ ಸಸಿ ತನ್ನ ಬುತ್ತಿಯನ್ನೇ ಉಣ್ಣುತ್ತದೆ, ನಮ್ಮದು ಬೇಡ. ನಿಜವಾದ ಎಲೆಯ ಮೊದಲ ಜೋಡಿ ಅರಳಿದ ಮೇಲೆ ವಾರಕ್ಕೊಮ್ಮೆ, ಯಾವುದೇ ದ್ರವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗದಷ್ಟು ತೆಳು ಮಾಡಿ ಕೊಡಿ. ಮಿಶ್ರಣದಲ್ಲಿ ಎರೆಗೊಬ್ಬರ ಚೆನ್ನಾಗಿ ಇದ್ದರೆ ಅದೂ ತಡವಾಗಿ ಸಾಕು. ಟೊಮೆಟೊ ಎಲೆಯ ಅಡಿ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಹೆಚ್ಚಾಗಿ ಅದು ಚಳಿ. ಮಣ್ಣು ತಣ್ಣಗಿದ್ದರೆ ಬೇರು ರಂಜಕ ಹೀರಲಾರದು, ಬೆಚ್ಚಗಾದರೆ ತಾನೇ ಸರಿಹೋಗುತ್ತದೆ.

ದೊಡ್ಡ ಲೋಟಕ್ಕೆ ಬದಲಿಸುವುದು

ಒಂದೇ ಡಬ್ಬಿಯಲ್ಲಿ ಒತ್ತಾಗಿ ಬಿತ್ತಿದ್ದರೆ, ಅಥವಾ ನಾಟಿಗೆ ಇನ್ನೂ ತುಂಬ ದಿನ ಇದ್ದರೆ, ಸಸಿಗಳನ್ನು ಒಂದೊಂದಾಗಿ 8ರಿಂದ 10 ಸೆಂ.ಮೀ. ಅಗಲದ ಲೋಟಕ್ಕೆ ಬದಲಿಸಬೇಕು. ನಿಜವಾದ ಎಲೆಯ ಒಂದೆರಡು ಜೋಡಿ ಬಂದಾಗ ಸರಿಯಾದ ಸಮಯ. ಒಂದು ಗಂಟೆ ಮುಂಚೆ ನೀರು ಕೊಟ್ಟಿರಿ. ಹೊಸ ಲೋಟಕ್ಕೆ ಮಿಶ್ರಣ ತುಂಬಿ, ಪೆನ್ಸಿಲಿನಿಂದ ನಡುವೆ ಕುಳಿ ಮಾಡಿಟ್ಟುಕೊಳ್ಳಿ. ಚಮಚದ ಹಿಡಿಯನ್ನು ಸಸಿಯ ಪಕ್ಕದಿಂದ ಓರೆಯಾಗಿ ಇಳಿಸಿ, ಕೆಳಗಿನಿಂದ ಮಣ್ಣು ಸಮೇತ ಮೇಲಕ್ಕೆತ್ತಿ. ಇನ್ನೊಂದು ಕೈಯಲ್ಲಿ ಬೀಜದೆಲೆಯ ಅಂಚನ್ನು ಮಾತ್ರ ಹಿಡಿದುಕೊಳ್ಳಿ. ಕಾಂಡ ಹಿಡಿಯಲೇಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿ ಮುಗಿಯಿತು. ಬೇರು ಮೇಲಕ್ಕೆ ಮಡಚಿಕೊಳ್ಳದಂತೆ ಕುಳಿಗೆ ಇಳಿಸಿ, ಸುತ್ತ ಮೆಲ್ಲಗೆ ಒತ್ತಿ, ನೀರು ಕೊಟ್ಟು ಎರಡು ದಿನ ನೆರಳಲ್ಲಿಡಿ.

ಉದ್ದವಾಗಿ ಹೋದ ಟೊಮೆಟೊವನ್ನು ಸರಿಮಾಡಲು ಇದೇ ಸಮಯ. ಬೀಜದೆಲೆಯ ಹತ್ತಿರದವರೆಗೂ ಹೂತುಬಿಡಿ. ಹೂತ ಕಾಂಡದಿಂದಲೇ ಹೊಸ ಬೇರು ಬರುತ್ತದೆ. ಕೋಸನ್ನೂ ಬೀಜದೆಲೆಯವರೆಗೆ ಇಳಿಸಬಹುದು. ಲೆಟಿಸ್‌ನ ಸುಳಿ ಮಣ್ಣಲ್ಲಿ ಮುಚ್ಚಿದರೆ ಮಾತ್ರ ಕೊಳೆಯುತ್ತದೆ. ಕುಂಬಳ, ಸೌತೆಗಳನ್ನೂ ಇದ್ದ ಆಳದಲ್ಲೇ ಇಡಿ.

ಪುಟ್ಟ ಸಸಿಯನ್ನು ಒಮ್ಮೆಗೇ ದೊಡ್ಡ ಕುಂಡಕ್ಕೆ ಹಾಕುವುದು ನನಗೆ ಇಷ್ಟವಿಲ್ಲ. ಬೇರು ಮುಟ್ಟದ ಮಣ್ಣು ದಿನಗಟ್ಟಲೆ ಹಸಿಯಾಗೇ ಇದ್ದು ಹುಳಿಯುತ್ತದೆ. ಬೇರು ತುಂಬಿದ ಮೇಲೆ ಒಂದಳತೆ ದೊಡ್ಡದು, ಹಾಗೆ ಹೋಗುವುದೇ ಕ್ಷೇಮ.

ಪರಿಮಳದ ಸೊಪ್ಪುಗಳು

ಬೇಸಿಲ್ ಸುಲಭ, 5ರಿಂದ 10 ದಿನಕ್ಕೆ ಮೊಳಕೆ. ಬಿಸಿ ಅಂದರೆ ಇಷ್ಟ. ಚಳಿ 10 ಡಿಗ್ರಿಗಿಂತ ಕೆಳಗಿಳಿದರೆ ಎಲೆ ಕಪ್ಪಾಗುತ್ತದೆ. ಮೂರು ಜೋಡಿ ಎಲೆ ಬಂದ ಮೇಲೆ ಎಲೆಜೋಡಿಯ ಸ್ವಲ್ಪ ಮೇಲೆ ಕುಡಿ ಚಿವುಟಿ, ಅಲ್ಲಿಂದ ಎರಡು ಕವಲು ಒಡೆಯುತ್ತವೆ. ಪಾರ್ಸ್ಲಿ ಎರಡರಿಂದ ನಾಲ್ಕು ವಾರ ಕಾಯಿಸುತ್ತದೆ. ಒಂದು ದಿನ ನೆನೆಸಿ ಬಿತ್ತಿದರೆ ಅನುಕೂಲ. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಇಬ್ಭಾಗ ಮಾಡಿ, ಬೆಳೆಯುವ ಕುಂಡದಲ್ಲೇ ಬಿತ್ತಿ.

ಪುದೀನ ಮತ್ತು ರೋಸ್‌ಮೆರಿಗೆ ಬೀಜದ ದಾರಿ ಹಿಡಿಯಲೇಬೇಡಿ ಅನ್ನುವುದು ನನ್ನ ಸಲಹೆ. ಪುದೀನದ ಬೀಜದಿಂದ ತಾಯಿಗಿಡದ ಪರಿಮಳ ಬರುವ ಖಾತ್ರಿ ಇಲ್ಲ, ರೋಸ್‌ಮೆರಿ ಬೀಜ ಮೊಳೆಯುವುದೇ ಕಡಿಮೆ. ಹೂ ಇಲ್ಲದ 8ರಿಂದ 10 ಸೆಂ.ಮೀ. ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದುಹಾಕಿ. ಪುದೀನವನ್ನು ನೀರಿನ ಲೋಟದಲ್ಲಿಟ್ಟರೂ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ರೋಸ್‌ಮೆರಿಯನ್ನು ಮರಳು ಹೆಚ್ಚಿರುವ ಮಿಶ್ರಣದಲ್ಲಿ ಊರಿ, ಆರರಿಂದ ಎಂಟು ವಾರ ತಾಳ್ಮೆಯಿಂದಿರಿ. ಪುದೀನಕ್ಕೆ ಯಾವಾಗಲೂ ಅದರದ್ದೇ ಕುಂಡ ಇರಲಿ, ಪಾತಿಗೆ ಬಿಟ್ಟರೆ ನೆಲದೊಳಗೇ ಹರಿದು ಉಳಿದವನ್ನು ನುಂಗಿಬಿಡುತ್ತದೆ.

ಹೊರಗಿನ ಬಿಸಿಲು ಗಾಳಿಗೆ ಒಗ್ಗಿಸುವುದು

ತುಂಬ ಜನ ಬಿಟ್ಟುಬಿಡುವ ಹಂತ ಇದು. ಒಳಗೆ ಬೆಳೆದ ಎಲೆಯ ಮೇಲ್ಪದರದ ಮೇಣ ತೆಳು. ಒಮ್ಮೆಗೇ ಬಿಸಿಲಿಗೆ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲೆ ಕಾಗದದಂತೆ ಬೆಳ್ಳಗಾಗುತ್ತದೆ. ಹಾಗಾಗಿ ನಾಟಿಗೆ ಏಳರಿಂದ ಹತ್ತು ದಿನ ಮೊದಲು ಶುರು ಮಾಡಿ. ಮೊದಲ ದಿನ ಹೊರಗಿನ ನೆರಳಲ್ಲಿ ಒಂದೆರಡು ಗಂಟೆ ಇಟ್ಟು ಒಳಗೆ ತನ್ನಿ. ಎರಡು ಮೂರನೇ ದಿನ ಅರ್ಧ ದಿನ ನೆರಳು. ನಾಲ್ಕನೇ ದಿನದಿಂದ ಬೆಳಗಿನ ಬಿಸಿಲು ಒಂದು ಗಂಟೆ, ಆಮೇಲೆ ಎರಡು, ಮೂರು ಹೀಗೆ ಏರಿಸಿ. ಕೊನೆಯ ಎರಡು ಮೂರು ದಿನ ಹಗಲು ರಾತ್ರಿ ಹೊರಗೇ ಇರಲಿ. ಜೋರು ಗಾಳಿ ಇದ್ದ ದಿನ ಮುಂದಕ್ಕೆ ಹೋಗಬೇಡಿ, ಬಿಸಿಲಿಗಿಂತ ಗಾಳಿಯೇ ಎಷ್ಟೋ ಸಲ ಹೆಚ್ಚು ಒಣಗಿಸುತ್ತದೆ.

ಈ ದಿನಗಳಲ್ಲಿ ನೀರು ಸ್ವಲ್ಪ ಕಡಿಮೆ ಮಾಡಿ, ಬಾಡುವಷ್ಟು ಅಲ್ಲ. ಗೊಬ್ಬರ ನಿಲ್ಲಿಸಿ. ಸಸಿಯ ಬೆಳವಣಿಗೆ ನಿಂತಂತೆ ಕಾಣುತ್ತದೆ, ಎಲೆ ದಪ್ಪವಾಗಿ ಬಣ್ಣ ಗಾಢವಾಗುತ್ತದೆ. ಅದೇ ಬೇಕಾದ್ದು.

ನಾಟಿ

ಲೆಕ್ಕಕ್ಕೆ ಹೇಳುವುದಾದರೆ ಟೊಮೆಟೊ, ಕೋಸು ನಾಲ್ಕರಿಂದ ಆರು ವಾರ, ಬದನೆ ಆರು, ಮೆಣಸಿನಕಾಯಿ ಆರರಿಂದ ಎಂಟು. ಬೆಚ್ಚಗಿನ ಕಾಲದಲ್ಲಿ ಇದಕ್ಕಿಂತ ಬೇಗವೂ ಆಗಬಹುದು. ವಾರಗಳಿಗಿಂತ ಬೇರನ್ನು ನಂಬಿ. ಒಂದು ಗುಳಿಯನ್ನು ಕೆಳಗಿನಿಂದ ಒತ್ತಿ ಸಸಿ ಹೊರತೆಗೆಯಿರಿ. ಮಣ್ಣು ಉದುರಿದರೆ ಇನ್ನೂ ಒಂದು ವಾರ ಬೇಕು. ಉಂಡೆ ಹಾಗೇ ನಿಂತು, ಸುತ್ತ ಬಿಳಿ ಬೇರಿನ ಬಲೆ ಕಂಡರೆ ಇವತ್ತೇ ನೆಡಬಹುದು. ಬೇರು ಕಂದು ಬಣ್ಣಕ್ಕೆ ತಿರುಗಿ ಸುರುಳಿ ಸುತ್ತಿದ್ದರೆ ತಡವಾಗಿದೆ, ತಳದ ಸುರುಳಿಯನ್ನು ಬೆರಳಿನಿಂದ ಬಿಡಿಸಿ ನೆಡಿ.

ಚಳಿಯ ನಾಡಿನಲ್ಲಿ ಹಿಮ ಬೀಳುವ ಭಯ ಪೂರ್ತಿ ಹೋಗಿರಬೇಕು, ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಮೇಲಿರಬೇಕು. ಟೊಮೆಟೊ, ಬದನೆ, ಬೇಸಿಲ್, ಸೌತೆ ಯಾವುದಕ್ಕೂ ಇದರಲ್ಲಿ ರಿಯಾಯಿತಿ ಇಲ್ಲ. ಕೋಸು, ಲೆಟಿಸ್ ಸ್ವಲ್ಪ ಚಳಿ ತಡೆಯುತ್ತವೆ. ಬಿಸಿಲಿನ ನಾಡಿನಲ್ಲಿ ಸಂಜೆ ಹೊತ್ತು ಅಥವಾ ಮೋಡ ಕವಿದ ದಿನ ಆರಿಸಿಕೊಳ್ಳಿ, ಇಡೀ ರಾತ್ರಿ ಸಸಿಗೆ ಸುಧಾರಿಸಿಕೊಳ್ಳಲು ಸಿಗುತ್ತದೆ.

ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ಸೊಪ್ಪಿಗೆ ನಾಲ್ಕು ಗಂಟೆ ನಡೆಯುತ್ತದೆ. ಕುಂಡದಲ್ಲಾದರೆ ಟೊಮೆಟೊ, ಬದನೆಗೆ ತಲಾ 15ರಿಂದ 20 ಲೀಟರ್, ಮೆಣಸಿನಕಾಯಿಗೆ 8ರಿಂದ 10 ಲೀಟರ್, ಬೇಸಿಲ್‌ಗೆ 3ರಿಂದ 5 ಲೀಟರ್ ಮಣ್ಣು ಹಿಡಿಸಬೇಕು. ಪಾತಿಯಲ್ಲಿ ಟೊಮೆಟೊ, ಬದನೆಗೆ 60 ಸೆಂ.ಮೀ., ಮೆಣಸಿನಕಾಯಿ, ಕೋಸಿಗೆ 45, ಲೆಟಿಸ್, ಬೇಸಿಲ್‌ಗೆ 25 ಸೆಂ.ಮೀ. ಅಂತರ. ಇವತ್ತು ಪಾತಿ ಖಾಲಿ ಖಾಲಿ ಕಾಣುತ್ತದೆ ನಿಜ, ಆದರೂ ನಡುವೆ ಇನ್ನೊಂದು ಸಸಿ ತುರುಕಬೇಡಿ. ಒತ್ತಾದರೆ ಗಾಳಿ ಆಡದೆ ಎಲೆರೋಗ ಬರುತ್ತದೆ.

ಸಸಿಗೂ ಪಾತಿಗೂ ಮೊದಲೇ ನೀರು ಕೊಟ್ಟಿರಿ. ಉಂಡೆಗಿಂತ ಸ್ವಲ್ಪ ದೊಡ್ಡ ಗುಂಡಿ ತೆಗೆದು, ಒಂದು ಹಿಡಿ ಕಳಿತ ಗೊಬ್ಬರವನ್ನು ತಳದ ಮಣ್ಣಿನಲ್ಲಿ ಬೆರೆಸಿ. ಸಸಿಯನ್ನು ಇಳಿಸಿ, ಸುತ್ತ ಮಣ್ಣು ತುಂಬಿ, ಬೇರಿಗೂ ಮಣ್ಣಿಗೂ ನಡುವೆ ಟೊಳ್ಳು ಉಳಿಯದಂತೆ ಅಂಗೈಯಿಂದ ಒತ್ತಿ. ತುಳಿಯಬೇಡಿ. ಟೊಮೆಟೊದ ಕೆಳಗಿನ ಎಲೆ ತೆಗೆದು ಆಳಕ್ಕೆ ನೆಡಿ. ತೀರಾ ಉದ್ದವಿದ್ದರೆ ಗುಂಡಿಯ ಬದಲು ಓರೆ ಕಾಲುವೆ ತೋಡಿ ಕಾಂಡವನ್ನು ಮಲಗಿಸಿ, ತುದಿಯ 10 ಸೆಂ.ಮೀ. ಮಾತ್ರ ಹೊರಗೆ ಬಿಡಿ, ಎರಡು ದಿನದಲ್ಲಿ ತಾನೇ ನೆಟ್ಟಗಾಗುತ್ತದೆ. ಆಸರೆ ಕೋಲನ್ನೂ ಇವತ್ತೇ ಊರಿ, ಆಮೇಲೆ ಊರಿದರೆ ಬೇರಿಗೆ ಚುಚ್ಚುತ್ತದೆ. ಸಸಿಯಲ್ಲಿ ಆಗಲೇ ಹೂ, ಕಾಯಿ ಇದ್ದರೆ ಚಿವುಟಿಹಾಕಿ. ಮನಸ್ಸು ಬರುವುದಿಲ್ಲ, ಆದರೆ ಆ ಒಂದು ಕಾಯಿಗೆ ಹೋಗುವ ಶಕ್ತಿ ಈಗ ಬೇರಿಗೆ ಬೇಕು.

ರಾತ್ರಿ ಹೊತ್ತು ಕಾಂಡವನ್ನು ಬುಡಕ್ಕೆ ಕತ್ತರಿಸಿ ಹಾಕುವ ಹುಳುವಿನ ಕಾಟ ಇದ್ದರೆ, 8 ಸೆಂ.ಮೀ. ಎತ್ತರದ ರಟ್ಟಿನ ಬಳೆ ಮಾಡಿ ಸಸಿಯ ಸುತ್ತ ಇಡಿ, 2ರಿಂದ 3 ಸೆಂ.ಮೀ. ಮಣ್ಣೊಳಗೆ ಇರಲಿ.

ನೆಟ್ಟ ಮೇಲಿನ ಎರಡು ವಾರ

ನೆಟ್ಟ ಕೂಡಲೇ ಬುಡಕ್ಕೆ ನಿಧಾನವಾಗಿ ನೀರು ಹಾಕಿ, ಮಣ್ಣು ಕುಳಿತುಕೊಳ್ಳುವಷ್ಟು. ಎರಡು ಮೂರು ದಿನ ಮಧ್ಯಾಹ್ನದ ಬಿಸಿಲಿಗೆ ನೆರಳು ಮಾಡಿ. ನಡುಹಗಲಿನಲ್ಲಿ ಎಲೆ ಜೋತು ಬಿದ್ದು ಸಂಜೆಗೆ ಎದ್ದು ನಿಂತರೆ ಚಿಂತೆ ಬೇಡ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಮಾತ್ರ ಬೆರಳು ಆಳಕ್ಕೆ ಇಳಿಸಿ ತೇವ ನೋಡಿ. ಒಣಗಿದ್ದರೆ ನೀರು ಕೊಡಿ, ಹಸಿಯಿದ್ದರೆ ಕೊಡಬೇಡಿ, ಅಲ್ಲಿ ಬೇರು ಕೊಳೆಯುತ್ತಿರಬಹುದು.

ಮೊದಲ ವಾರ ಮಣ್ಣು ಒಣಗದಂತೆ ನೋಡಿಕೊಳ್ಳಿ. ಎರಡನೇ ವಾರದಿಂದ ಅಂತರ ಹೆಚ್ಚಿಸಿ, ಕೊಟ್ಟಾಗ ಆಳಕ್ಕೆ ಇಳಿಯುವಂತೆ ಕೊಡಿ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಒಣ ಎಲೆಯನ್ನೋ ಹುಲ್ಲನ್ನೋ ಬುಡದ ಸುತ್ತ ಹರಡಿ. ಗೊಬ್ಬರಕ್ಕೆ ಆತುರ ಬೇಡ. ಸುಳಿಯಲ್ಲಿ ತಿಳಿಹಸಿರಿನ ಹೊಸ ಎಲೆ ಬಂದರೆ ಬೇರು ಹಿಡಿದಿದೆ ಅಂತ ಲೆಕ್ಕ, ಆಗ ಶುರು ಮಾಡಿ.

ಉಳಿದ ಎರಡು ಮೂರು ಸಸಿಗಳನ್ನು ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ. ಯಾವುದಾದರೂ ಹೋದರೆ ಅದೇ ವಯಸ್ಸಿನ ಸಸಿ ಆ ಜಾಗಕ್ಕೆ ಕೈಗೆ ಸಿಗುವಂತಿರಬೇಕು. ಎರಡು ವಾರ ಕಳೆದು ಎಲ್ಲವೂ ನಿಂತಿವೆ ಅಂತಾದಾಗ ಪಕ್ಕದ ಮನೆಯವರಿಗೆ ಕೊಡಿ.